ತೋಟದಲ್ಲಿ ಹುಲಿ ಭಯ ಇಲ್ವಾ?

ಬೆಂಗಳೂರಿನಿಂದ ಯಾರೇ ಬಂದರೂ ಮೊದಲು ಕೇಳುವುದು ಇದನ್ನೇ. ನಮ್ಮ ಕಾಫಿ ತೋಟ ಇರುವುದು ಚಿಕ್ಕಮಗಳೂರಿನ ಮುತ್ತೋಡಿ ಕಡೆ, ಭದ್ರಾ ಹುಲಿ ಮೀಸಲಿನ ಪಕ್ಕದಲ್ಲಿ. ನನ್ನ ಉತ್ತರ ಇಷ್ಟೇ: ಹುಲಿ ಭಯ ಇದೆ. ಎಲೆ ತುಕ್ಕಿನ ಭಯ, ಅಂದರೆ ಕಾಫಿ ಎಲೆಗೆ ಹತ್ತುವ ಶಿಲೀಂಧ್ರ ರೋಗದ ಭಯ, ಅದಕ್ಕಿಂತ ಜಾಸ್ತಿ.

ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಹೆಜ್ಜೆ ಕಂಡ ದಿನ ಆ ಕಡೆ ಆಳುಗಳನ್ನು ಕಳಿಸುವುದಿಲ್ಲ, ಅಷ್ಟೇ. ಜನರ ದನಿ ಕಿವಿಗೆ ಬಿದ್ದರೆ ಹುಲಿ ಸಾಮಾನ್ಯವಾಗಿ ತಾನೇ ದೂರ ಹೋಗುತ್ತದೆ. (ಆನೆ ಕಾಟ ಬೇರೆಯೇ ಕಥೆ, ಅದನ್ನು ಇಲ್ಲಿ ಎತ್ತುವುದಿಲ್ಲ.) ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಜಿಂಕೆ, ಕಡವೆಯಂಥ ಪ್ರಾಣಿ ಬೇಕು, ಅದಕ್ಕೆ ಕಾಡಿನಲ್ಲಿ 500 ಇರಬೇಕು ಅನ್ನುವುದು ಹುಲಿ ವಿಜ್ಞಾನಿ ಉಲ್ಲಾಸ ಕಾರಂತರ ಲೆಕ್ಕ. ಹಾಗಾಗಿ ಎಷ್ಟೇ ದೊಡ್ಡ ಕಾಡಾದರೂ ಅದರಲ್ಲಿ ಹಿಡಿಸುವ ಹುಲಿ ಕೆಲವೇ.

ತುಕ್ಕಿಗೆ ಇಂಥ ಮಿತಿಯೇ ಇಲ್ಲ. ಅರೇಬಿಕಾ ಜಾತಿಯ ಕಾಫಿ ಎಲೆ ಮಗುಚಿ ನೋಡಿ, ಕಿತ್ತಳೆ ಬಣ್ಣದ ಮಚ್ಚೆ ಕಾಣುತ್ತದೆ. ಬೆರಳಿನಿಂದ ಉಜ್ಜಿದರೆ ಅರಿಶಿನದ ಹಾಗೆ ಪುಡಿ ಹತ್ತುತ್ತದೆ. ಅದರ ಒಂದೊಂದು ಕಣವೂ ಬೀಜ ಇದ್ದ ಹಾಗೆ. ಗಾಳಿಗೋ ಮಳೆಹನಿಗೋ ಪಕ್ಕದ ಗಿಡ ಸೇರುತ್ತದೆ. ಎಲೆ ಮೇಲೆ ಕೆಲವು ಗಂಟೆ ನೀರು ನಿಂತರೆ ಮೊಳೆತು, ಎಲೆ ಉಸಿರಾಡುವ ತೂತಿನಿಂದಲೇ ಒಳಗೆ ನುಗ್ಗುತ್ತದೆ. ಹುಲಿ ಕೊಂದು ತಿನ್ನುತ್ತದೆ. ತುಕ್ಕಿಗೆ ಮಾತ್ರ ಎಲೆ ಬದುಕಿರಬೇಕು, ಸತ್ತ ಎಲೆಯಲ್ಲಿ ಅದು ಬೆಳೆಯುವುದಿಲ್ಲ. ಹಾಗಾಗಿ ಮಚ್ಚೆ ಕಾಣುವ ಹೊತ್ತಿಗೆ ಒಳಗೆ ವಾರಗಳಿಂದ ಊಟ ನಡೆದಿರುತ್ತದೆ! ಆಮೇಲೆ ಎಲೆ ಉದುರಿ ರೆಂಬೆ ಬೋಳಾಗುತ್ತದೆ. ಈ ವರ್ಷದ್ದಲ್ಲ, ಮುಂದಿನ ವರ್ಷದ ಫಸಲು ಹೋಯಿತು ಅಂತ ಲೆಕ್ಕ. ಅದರಲ್ಲೂ ಕಾಯಿ ಜಾಸ್ತಿ ಹಿಡಿದ ಗಿಡಕ್ಕೇ ಹೊಡೆತ ಜೋರು.

1869ರಲ್ಲಿ ಸಿಲೋನಿನಲ್ಲಿ (ಈಗಿನ ಶ್ರೀಲಂಕಾ) ಕಾಣಿಸಿಕೊಂಡ ಈ ರೋಗ ಅಲ್ಲಿನ ಕಾಫಿಯನ್ನೇ ಮುಗಿಸಿತು. ಆಮೇಲೆ ಅಲ್ಲಿ ಟೀ ಬಂತು. ಯಾವ ಹುಲಿ ಒಂದು ದೇಶದ ಬೆಳೆ ಬದಲಿಸಿದೆ ಹೇಳಿ?

ನಾವು ಮುಂಗಾರಿಗೆ ಮುಂಚೆ ತುಕ್ಕು ತಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 200 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಹೊಳೆಯುವ ಚಾಕು ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಎಲೆಯೇ ಸುಡುತ್ತದೆ. ಎಲೆಯ ಅಡಿಭಾಗಕ್ಕೆ ಬೀಳದಿದ್ದರೆ ಹೊಡೆದದ್ದೂ ದಂಡ.

ಇಷ್ಟು ಕೇಳಿದ ಮೇಲೆ ಜಾಣರು ಇನ್ನೊಂದು ಪ್ರಶ್ನೆ ಹಾಕುತ್ತಾರೆ: ಹಾಗಾದರೆ ಕಾಫಿಯ ಇನ್ನೊಂದು ಜಾತಿ ರೋಬಸ್ಟಾ ಹಾಕಬಹುದಲ್ವಾ, ಅದಕ್ಕೆ ತುಕ್ಕು ಕಡಿಮೆ? ತಗ್ಗಿನಲ್ಲಿ ಹಾಕಿದ್ದೇವೆ. ಮೇಲಿನ ಗುಡ್ಡದ ಚಳಿ ಅದಕ್ಕೆ ಆಗಿಬರುವುದಿಲ್ಲ. ಅಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಚಂದ್ರಗಿರಿ ಅನ್ನುವ ಅರೇಬಿಕಾ ತಳಿ ನೆಟ್ಟಿದ್ದೇವೆ. 2007ರಲ್ಲಿ ಬಂದ ತಳಿ, ತುಕ್ಕನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಹಳೆಯ ಅರೇಬಿಕಾ ತಳಿ ಎಸ್. 795 ಕೂಡ ಮೊದಮೊದಲು ಹಾಗೇ ತಡೆದಿತ್ತು. ಆಮೇಲೆ ತುಕ್ಕೇ ವೇಷ ಬದಲಿಸಿತು.