ಸಿಂಗಾಪುರದ ಹಳೇ ಬೀದಿಗಳು: ಯಾವ ಹೊತ್ತಿಗೆ, ಯಾವ ದಾರಿಯಲ್ಲಿ

ಹಾಸನ, ಚಿಕ್ಕಮಗಳೂರು ಕಡೆಯಿಂದ ಸಿಂಗಾಪುರಕ್ಕೆ ಹೋಗುವವರು ಬಹುಪಾಲು ಪ್ಯಾಕೇಜ್ ಟೂರಿನಲ್ಲಿ ಹೋಗುತ್ತಾರೆ. ಸೆಂಟೋಸಾ, ಮರೀನಾ ಬೇ, ಮುಸ್ತಫಾದಲ್ಲಿ ಶಾಪಿಂಗ್, ಅಲ್ಲಿಗೆ ಮುಗಿಯಿತು. ಆದರೆ ಆ ಊರಿನ ಸೊಗಸು ಇರುವುದು ಹಳೇ ಬೀದಿಗಳಲ್ಲಿ. ಅದಕ್ಕೆ ಒಂದು ದಿನ ಎತ್ತಿಡಿ. ಹೊತ್ತು ನೋಡಿಕೊಂಡು ಹೊರಡಿ, ಇಲ್ಲದಿದ್ದರೆ ಮುಚ್ಚಿದ ಬಾಗಿಲುಗಳನ್ನೇ ನೋಡಿಕೊಂಡು ಬರಬೇಕಾಗುತ್ತದೆ.

1822ರಲ್ಲಿ ಬ್ರಿಟಿಷರು ಪಟ್ಟಣದ ನಕ್ಷೆ ಹಾಕಿದಾಗ ಚೀನೀಯರಿಗೊಂದು ಕೇರಿ, ಮಲಯರು ಮತ್ತು ಅರಬರಿಗೊಂದು, ತಮಿಳು ಮುಸ್ಲಿಮರಿಗೊಂದು ಎಂದು ಗೆರೆ ಎಳೆದರು. ಜನ ಮಾತ್ರ ಆ ಗೆರೆಯೊಳಗೇ ಉಳಿಯಲಿಲ್ಲ. ಸಿಂಗಾಪುರದ ಅತಿ ಹಳೆಯ ಹಿಂದೂ ದೇವಸ್ಥಾನ ಈಗಲೂ ಚೈನಾಟೌನಿನ ನಟ್ಟನಡುವೆ ಇದೆ. ಹಳೇಬೀಡಿನಲ್ಲಿ ಶಿವಾಲಯದಿಂದ ಬಸದಿಗಳಿಗೆ ನಡೆದು ಹೋಗುವ ನಮಗೆ ಇದು ತೀರಾ ಹೊಸದೇನಲ್ಲ. ಸಿಂಗಾಪುರದ ಈ ಬೀದಿಗಳಲ್ಲಿ ಗುಡಿ, ಮಸೀದಿ, ಬೌದ್ಧ ದೇಗುಲ ಎಲ್ಲವೂ ಇವತ್ತಿಗೂ ಭಕ್ತರಿಂದ ತುಂಬಿರುತ್ತವೆ.

ಬೆಳಿಗ್ಗೆ ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಿನಲ್ಲಿ ತಿಂಡಿ ಮುಗಿಸಿ ವಾಟರ್‌ಲೂ ಸ್ಟ್ರೀಟಿಗೆ ಬನ್ನಿ. ಬುಗಿಸ್ ಮೆಟ್ರೋ ನಿಲ್ದಾಣದಿಂದ ನಡೆಯುವಷ್ಟೇ ದೂರ. ಇಲ್ಲಿ 1870ರ ಶ್ರೀಕೃಷ್ಣನ ಗುಡಿ, ಪಕ್ಕದಲ್ಲೇ 1884ರ ಕ್ವಾನ್ ಇಮ್ ಗುಡಿ. ಚೀನೀ ಹೆಂಗಸರು ಕ್ವಾನ್ ಇಮ್ ದೇವಿಗೆ ಊದುಕಡ್ಡಿ ಬೆಳಗಿ, ಹಾಗೇ ಕೃಷ್ಣನ ಬಾಗಿಲಿಗೂ ಬರುತ್ತಾರೆ. ಅಲ್ಲಿಟ್ಟಿರುವ ಬೂದಿ ತುಂಬಿದ ದೊಡ್ಡ ಪಾತ್ರೆಯಲ್ಲಿ ಕಡ್ಡಿ ನೆಟ್ಟು, ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ಸಿಂಗಾಪುರದಲ್ಲಿ ಒಂದೇ ಒಂದು ಜಾಗ ನೋಡುವುದಾದರೆ ಇದನ್ನೇ ನೋಡಿ ಎನ್ನುತ್ತೇನೆ. ಹನ್ನೆರಡರೊಳಗೆ ಹೋಗಿ, ನಮ್ಮಲ್ಲಿಯಂತೆ ಅಲ್ಲೂ ಮಧ್ಯಾಹ್ನ ಗುಡಿ ಬಾಗಿಲು ಹಾಕುತ್ತಾರೆ. ಕ್ವಾನ್ ಇಮ್ ಗುಡಿಯೊಳಗೆ ಫೋಟೋ ತೆಗೆಯುವಂತಿಲ್ಲ.

ಮಧ್ಯಾಹ್ನ ಎರಡೂವರೆ ಸುಮಾರಿಗೆ ತೆಲೋಕ್ ಆಯರ್ ಸ್ಟ್ರೀಟ್. ಈಗ ಸುತ್ತ ಎತ್ತರದ ಕಟ್ಟಡಗಳಿದ್ದರೂ ಹಿಂದೆ ಇದೇ ಕಡಲ ದಂಡೆ, ಸಮುದ್ರಕ್ಕೆ ಮಣ್ಣು ತುಂಬಿದ ಮೇಲೆ ನೀರು ದೂರ ಸರಿಯಿತು. ಹಡಗಿನಿಂದ ಇಳಿದವರು ಜೀವ ಉಳಿಯಿತೆಂದು ಹರಕೆ ತೀರಿಸಿದ ಬೀದಿಯಿದು. ಚೀನೀಯರು ಕಡಲ ದೇವಿಗೆ ಕಟ್ಟಿದ ಥಿಯಾನ್ ಹಾಕ್ ಕೆಂಗ್ ಗುಡಿ 1842ರದ್ದು. ತಮಿಳು ಮುಸ್ಲಿಮರ ನಾಗೂರ್ ದರ್ಗಾ 1830ರ ಹೊತ್ತಿಗೇ ಎದ್ದಿತ್ತು. ಬಿಸಿಲಾಗಲಿ ಮಳೆಯಾಗಲಿ, ಹಳೇ ಅಂಗಡಿಮನೆಗಳ ಮುಂದಿನ ಐದಡಿ ಜಗಲಿಯಲ್ಲೇ ನಡೆಯಿರಿ. ಅದೂ 1822ರ ನಕ್ಷೆಯದ್ದೇ ಕೊಡುಗೆ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಸೌತ್ ಬ್ರಿಡ್ಜ್ ರೋಡ್. ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲೇ. ಬುದ್ಧನ ದಂತ ದೇಗುಲ ಸಂಜೆ ಐದಕ್ಕೆ ಮುಚ್ಚುತ್ತದೆ. 1827ರ ಮಾರಿಯಮ್ಮನ್ ಗುಡಿ ಮಧ್ಯಾಹ್ನ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ಆರರ ಸುಮಾರಿಗೆ. ಆದ್ದರಿಂದ ನಾಲ್ಕಕ್ಕೆ ಬುದ್ಧನ ದೇಗುಲ, ಆಮೇಲೆ ಎದುರಿನ ಮ್ಯಾಕ್ಸ್‌ವೆಲ್ ಫುಡ್ ಸೆಂಟರಿನಲ್ಲಿ ಕೂತು ಸುಧಾರಿಸಿಕೊಂಡು, ಆರರ ನಂತರ ಮಾರಿಯಮ್ಮನ್. ಅದರ ಸಮೀಪದಲ್ಲೇ ಜಮಾಯಿ ಮಸೀದಿ. ಒಳಗೆ ಹೋಗುವುದಾದರೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹೋಗಬೇಡಿ.

ಕಾಫಿ ನಾಡಿನವರಾದ ನಾವು ಮ್ಯಾಕ್ಸ್‌ವೆಲ್‌ನಲ್ಲಿ ಕೊಪಿ ಕುಡಿಯದೆ ಏಳಬಾರದು. ಹೆಚ್ಚಾಗಿ ರೊಬಸ್ಟಾ ಬೀಜ. ಹುರಿಯುವಾಗ ಸಕ್ಕರೆ, ಮಾರ್ಗರಿನ್ ಹಾಕುತ್ತಾರೆ, ಅದಕ್ಕೇ ಬೀಜ ಕಪ್ಪಗೆ ಮಿರುಗುತ್ತದೆ, ಕುಡಿದರೆ ಸುಟ್ಟ ಸಕ್ಕರೆಯ ಘಮ. ಉದ್ದನೆಯ ಬಟ್ಟೆ ಚೀಲದಲ್ಲಿ ಪುಡಿ ಹಾಕಿ, ಕುದಿನೀರು ಹೊಯ್ದು, ಉದ್ದ ಮೂತಿಯ ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿಯುತ್ತಾರೆ. ಬರೀ ‘ಕೊಪಿ’ ಎಂದರೆ ಕಂಡೆನ್ಸ್ಡ್ ಹಾಲು ಹಾಕಿದ ಸಿಹಿ ಕಾಫಿ ಬರುತ್ತದೆ, ನಮಗೆ ಸಿಹಿ ಜಾಸ್ತಿ. ‘ಕೊಪಿ ಓ’ ಎಂದರೆ ಹಾಲಿಲ್ಲ, ಸಕ್ಕರೆ ಇದೆ. ‘ಕೊಪಿ ಸಿ’ಗೆ ಸಿಹಿಯಿಲ್ಲದ ಗಟ್ಟಿ ಹಾಲು ಮತ್ತು ಸಕ್ಕರೆ. ಕೊನೆಗೆ ‘ಕೊಸೊಂಗ್’ ಸೇರಿಸಿದರೆ ಸಕ್ಕರೆಯೇ ಬೇಡ, ‘ಸಿಯು ದೈ’ ಎಂದರೆ ಕಡಿಮೆ ಸಕ್ಕರೆ, ‘ಗಾವ್’ ಎಂದರೆ ಡಿಕಾಕ್ಷನ್ ಜಾಸ್ತಿ. ನಮ್ಮ ಫಿಲ್ಟರ್ ಕಾಫಿ ಬಾಯಿಗೆ ‘ಕೊಪಿ ಸಿ ಗಾವ್, ಸಿಯು ದೈ’ ಹೊಂದುತ್ತದೆ. ಈ ಒಂದು ಆರ್ಡರಿನೊಳಗೆ ಮಲಯ್ ಭಾಷೆಯೂ ಇದೆ, ಚೀನಾದ ಬೇರೆ ಬೇರೆ ಸೀಮೆಯ ನುಡಿಗಳೂ ಇವೆ. ಅಂಗಡಿಯವರು ಯಾರೇ ಆಗಿರಲಿ, ಎಲ್ಲರಿಗೂ ಇದು ಅರ್ಥವಾಗುತ್ತದೆ.

ಸಸ್ಯಾಹಾರಿಗಳು ಎಚ್ಚರ. ಸೊಪ್ಪಿನ ಪಲ್ಯದಲ್ಲೂ ಆಯ್ಸ್ಟರ್ ಸಾಸ್ ಇರಬಹುದು, ಸಂಬಾಲ್ ಚಟ್ನಿಗೆ ಸಾಮಾನ್ಯವಾಗಿ ಸಿಗಡಿ ಅರೆದಿರುತ್ತಾರೆ, ಬ್ರೆಡ್ಡಿಗೆ ಹಚ್ಚುವ ಕಾಯಾದಲ್ಲಿ ತೆಂಗಿನಹಾಲಿನ ಜೊತೆ ಮೊಟ್ಟೆ ಇದೆ. ‘ವೆಜಿಟೇಬಲ್ ಕೊಡಿ’ ಎಂದರೆ ಸಾಲದು, ಬೋರ್ಡಿನಲ್ಲೇ ವೆಜಿಟೇರಿಯನ್ ಎಂದಿರುವ ಅಂಗಡಿ ಹುಡುಕಿ. ಖಾಲಿ ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಇದ್ದರೆ ಯಾರೋ ಜಾಗ ಹಿಡಿದಿದ್ದಾರೆ ಎಂದರ್ಥ. ಉಂಡ ಮೇಲೆ ತಟ್ಟೆಯನ್ನು ನೀವೇ ವಾಪಸ್ ಇಡಬೇಕು, 2021ರಿಂದ ಅದು ಕಡ್ಡಾಯ.

ಮೆಟ್ರೋ, ಬಸ್ಸಿಗೆ ನಮ್ಮ ಬ್ಯಾಂಕಿನ ಟ್ಯಾಪ್ ಮಾಡುವ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಕಾರ್ಡೇ ಸಾಕು, ವಿದೇಶಿ ವಹಿವಾಟು ಆನ್ ಮಾಡಿಸಿಕೊಂಡಿರಬೇಕು ಅಷ್ಟೇ. ಬ್ಯಾಂಕ್ ಶುಲ್ಕ ಎಷ್ಟೆಂದು ಮೊದಲೇ ಕೇಳಿ. ಸಣ್ಣ ಅಂಗಡಿಗಳಿಗೆ ಚಿಲ್ಲರೆ ಡಾಲರ್ ಇರಲಿ. ಮೆಟ್ರೋದೊಳಗೆ ತಿನ್ನುವುದು, ಕುಡಿಯುವುದು ನಿಷಿದ್ಧ, ದಂಡ 500 ಡಾಲರ್‌ವರೆಗೂ ಬೀಳಬಹುದು. ಗುಟ್ಕಾ, ಅಗಿಯುವ ತಂಬಾಕಿನ ಒಂದು ಪೊಟ್ಟಣವೂ ಬ್ಯಾಗಿನಲ್ಲಿ ಇರಕೂಡದು, ಅಲ್ಲಿ ಅದು ಪೂರ್ತಿ ನಿಷೇಧ. ವೀಸಾ ಬೇಕೇ ಬೇಕು. ಇಳಿಯುವ ಮುಂಚಿನ ಮೂರು ದಿನದೊಳಗೆ ಅರೈವಲ್ ಕಾರ್ಡ್ ಫಾರಂ ಆನ್‌ಲೈನಿನಲ್ಲಿ ತುಂಬಬೇಕು. ಅಲ್ಲಿನ ಸರ್ಕಾರದ ಸೈಟಿನಲ್ಲಿ ಅದಕ್ಕೆ ದುಡ್ಡಿಲ್ಲ, ಕೇಳಿದರೆ ಆ ಸೈಟು ಬೇರೆಯವರದ್ದು.