ವಿಜಯಪುರದ ಒಣದ್ರಾಕ್ಷಿಗೆ ಫ್ರೆಂಚ್ ಲೇಬಲ್

ತಿಕೋಟಾ, ತೊರವಿ ಕಡೆಯ ಒಣದ್ರಾಕ್ಷಿಗೆ ಫ್ರಾನ್ಸಿನಿಂದಲೋ ಕೆನಡಾದ ಕ್ವಿಬೆಕ್‌ನಿಂದಲೋ ಆರ್ಡರ್ ಬಂದರೆ, ದರದ ಮಾತಿಗೆ ಮುಂಚೆ ಒಂದು ಪ್ರಶ್ನೆ ಕೇಳಿ: ಮಾಲು 10 ಕೆಜಿ ಬಾಕ್ಸಿನಲ್ಲಿ ಅಲ್ಲಿನ ಪ್ಯಾಕರ್‌ಗೆ ಹೋಗುತ್ತದೋ, 250 ಗ್ರಾಂ ಪ್ಯಾಕೆಟ್ಟಾಗಿ ನೇರ ಅಂಗಡಿಗೋ? ಲೇಬಲ್ಲಿನ ಖರ್ಚೆಲ್ಲ ಇದರ ಮೇಲೆ ನಿಂತಿದೆ.

ಫ್ರಾನ್ಸಿನ ಪ್ಯಾಕರ್‌ಗಾದರೆ ಕೆಲಸ ಹಗುರ. ಯುರೋಪಿನ ಆಹಾರ ಲೇಬಲ್ಲಿನ 1169/2011 ನಿಯಮದಂತೆ ಪ್ಯಾಕರ್‌ಗೆ ತನ್ನ ಲೇಬಲ್ಲಿಗೆ ಬೇಕಾದಷ್ಟು ಮಾಹಿತಿ ತಲುಪಬೇಕು. ಹೊರಬಾಕ್ಸಿನ ಮೇಲೆ ಪದಾರ್ಥದ ಹೆಸರು, ಬೆಸ್ಟ್ ಬಿಫೋರ್ ತಾರೀಖು, ಇಡುವ ಕ್ರಮ, ಜವಾಬ್ದಾರಿ ಹೊತ್ತ ಕಂಪನಿಯ ವಿಳಾಸ ಇರಲಿ. ಲಾಟ್ ನಂಬರನ್ನೂ ಹಾಕಿಬಿಡಿ. ಉಳಿದದ್ದು ಕಾಗದಪತ್ರದಲ್ಲಿ ಹೋಗಬಹುದು. ಅಂಗಡಿಯ ಪ್ಯಾಕೆಟ್ಟಿಗೆ ಈ ಸಡಿಲಿಕೆ ಇಲ್ಲ. ಕಡ್ಡಾಯ ವಿವರವೆಲ್ಲ ಫ್ರೆಂಚಿನಲ್ಲಿ. ಫ್ರೆಂಚ್ ಬಳಕೆ ಕಡ್ಡಾಯ ಮಾಡುವ ಫ್ರಾನ್ಸಿನ 1994ರ ತೂಬೋಂ ಕಾನೂನು ಪಕ್ಕದಲ್ಲಿ ಇಂಗ್ಲಿಷ್ ಇರಲು ಬಿಡುತ್ತದೆ, ಆದರೆ ಫ್ರೆಂಚ್ ಅದರಷ್ಟೇ ಚೆನ್ನಾಗಿ ಓದಲು ಬರಬೇಕು. ಸಣ್ಣಕ್ಷರ ‘ಎಕ್ಸ್’ನ ಎತ್ತರ ಕನಿಷ್ಠ 1.2 ಮಿಮೀ. ಗಂಧಕದ ಹೊಗೆ ಕೊಟ್ಟ ಹಳದಿ ಮಾಲಿನಲ್ಲಿ ಸಲ್ಫೈಟ್ ಕೆಜಿಗೆ 10 ಮಿಗ್ರಾಂ ಮೀರಿದರೆ, ಪದಾರ್ಥಗಳ ಪಟ್ಟಿಯಲ್ಲಿ ಅದನ್ನು ದಪ್ಪಕ್ಷರದಲ್ಲೋ ಬೇರೆ ಬಣ್ಣದಲ್ಲೋ ಎದ್ದು ಕಾಣಿಸಬೇಕು.

ಕ್ವಿಬೆಕ್ ಇನ್ನೂ ಬಿಗಿ. 1977ರ ಫ್ರೆಂಚ್ ಭಾಷಾ ಸನ್ನದಿನ 51ನೇ ಕಲಮು ಪ್ಯಾಕೆಟ್ಟಿನ ಮೇಲಷ್ಟೇ ಅಲ್ಲ, ಒಳಗಿಟ್ಟ ಚೀಟಿಯ ಮೇಲೂ ಫ್ರೆಂಚ್ ಕೇಳುತ್ತದೆ. ಬೇರೆ ಯಾವ ಭಾಷೆಯೂ ಅದಕ್ಕಿಂತ ದೊಡ್ಡದಾಗಿ ಕಾಣುವಂತಿಲ್ಲ. ಕೆನಡಾದ ಕೇಂದ್ರ ಕಾನೂನಿಗೆ ಇಂಗ್ಲಿಷೂ ಬೇಕು. ಹಾಗಾಗಿ ಎರಡನ್ನೂ ಒಂದೇ ಅಳತೆಯಲ್ಲಿ ಹಾಕುವುದೇ ಕ್ಷೇಮ. ನೋಂದಾಯಿತ ಬ್ರ್ಯಾಂಡಿನೊಳಗೆ ‘ಗೋಲ್ಡನ್ ರೇಸಿನ್ಸ್’ನಂಥ ವಿವರಣೆ ಸೇರಿದ್ದರೆ, 2025ರ ಜೂನ್ 1ರಿಂದ ಆ ಭಾಗಕ್ಕೆ ಫ್ರೆಂಚ್ ರೂಪವೂ ಬೇಕು. ಅಂಗಡಿ ಬೋರ್ಡಿನಲ್ಲಂತೂ ಫ್ರೆಂಚಿಗೆ ಎರಡು ಪಟ್ಟು ಜಾಗ. ಶೇ. 60 ಕನ್ನಡದ ಗಲಾಟೆ ಕಂಡ ಬೆಳಗಾವಿಯವರಿಗೆ ಇದೇನು ಹೊಸದಲ್ಲ ಬಿಡಿ.

ಕಾನೂನು ಓದಿಕೊಂಡರೂ ಲೇಬಲ್ ಕೆಡುವುದು ಪ್ರೆಸ್ಸಿನಲ್ಲಿ. ನಮ್ಮ ಕಡೆ ಎಷ್ಟೋ ಡಿಟಿಪಿ ಮಶೀನುಗಳಲ್ಲಿ ಇನ್ನೂ ಹಳೆಯ, ಯೂನಿಕೋಡ್ ಅಲ್ಲದ ಕನ್ನಡ ಫಾಂಟ್‌ಗಳೇ ನಡೆಯುತ್ತವೆ. ಫ್ರೆಂಚಿನ ತಲೆಗೀಟಿನ ಅಕ್ಷರಗಳಿರುವ ಕೋಡಿನಲ್ಲೇ ಆ ಫಾಂಟ್‌ಗಳು ಕನ್ನಡದ ತುಂಡುಗಳನ್ನು ಇಟ್ಟಿರುತ್ತವೆ. ಪಠ್ಯಕ್ಕೆ ಅಂಥ ಫಾಂಟ್ ತಗುಲಿದರೆ ಫ್ರೆಂಚ್ ಪದದ ನಡುವೆ ಒಂದು ಕೊಂಬೋ ಒತ್ತೋ ಬಂದು ಕೂರುತ್ತದೆ, ಫ್ರೆಂಚ್ ಬಾರದ ಆಪರೇಟರ್‌ಗೆ ಅದು ಕಾಣುವುದೂ ಇಲ್ಲ. ಯೂನಿಕೋಡ್ ಫಾಂಟೇ ಬಳಸಿ, ಅಕ್ಷರಗಳನ್ನು ಕರ್ವ್ ಮಾಡಿದ (ಅಂದರೆ ಫಾಂಟ್ ಬೇಡದ ಗೆರೆಚಿತ್ರವಾಗಿಸಿದ) ಪಿಡಿಎಫ್ ತೆಗೆದು, ಖರೀದಿದಾರರು ಕಳಿಸಿದ ಪಠ್ಯದ ಜೊತೆ ಅಕ್ಷರಕ್ಕಕ್ಷರ ತಾಳೆ ನೋಡಿ.

ಅಂಕಿಯಲ್ಲೂ ಹೀಗೇ. ಫ್ರೆಂಚರು ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ. ಪ್ಯಾಕಿಂಗ್ ಲಿಸ್ಟಿನ 12,500 ಕೆಜಿ ಅವರ ಕಣ್ಣಿಗೆ ಹನ್ನೆರಡೂವರೆ ಕೆಜಿ. ಸಾವಿರಕ್ಕೆ ಕಾಮಾ ಬೇಡ, 12500 ಎಂದೇ ಬರೆಯಿರಿ. ಪ್ಯಾಕೆಟ್ಟಿನ ಪೌಷ್ಟಿಕಾಂಶದ ಪಟ್ಟಿಯ ಫ್ರೆಂಚ್ ಭಾಗದಲ್ಲಿ ಮಾತ್ರ 0.5 ಇರುವಲ್ಲಿ 0,5 ಬರಲಿ.

ತಪ್ಪಾದರೆ ಅಲ್ಲಿ ಸ್ಟಿಕರ್ ಅಂಟಿಸಬಹುದು ಎನ್ನುವವರಿದ್ದಾರೆ. ಅಂಟಿಸಬಹುದು, ಆದರೆ ಅಲ್ಲಿನ ಕೂಲಿ ನಿಮ್ಮ ಲಾಭ ತಿನ್ನುತ್ತದೆ. ಪೌಚ್ ಗ್ರಾವ್ಯೂರ್ (ಕೊರೆದ ಸಿಲಿಂಡರಿನಿಂದ ಮುದ್ರಿಸುವ) ಪ್ರಿಂಟಾಗಿದ್ದರೆ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೊರೆಸಬೇಕು. ಖರೀದಿದಾರರ ಒಪ್ಪಿಗೆ ಮೇಲ್‌ನಲ್ಲಿ ಬರುವವರೆಗೆ ಕೊರೆಸಬೇಡಿ, ಮತ್ತು ಕಾನೂನು ಕೇಳುವ ಪಠ್ಯವನ್ನೆಲ್ಲ ಕಪ್ಪು ಬಣ್ಣ ಒಂದರಲ್ಲೇ ಇಡಿ. ನಿಯಮ ಬದಲಾದರೆ ಆ ಒಂದು ಸಿಲಿಂಡರ್ ಬದಲಿಸಿದರೆ ಆಯಿತು.