ತಲೆಕೆಳಗಾದ ಪ್ರಶ್ನೆ ಚಿಹ್ನೆಗಳು

"ಸರ್, ಸದಸ್ಯರ ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ ಬರ್ತಿದೆ. ಅದೂ ತಲೆಕೆಳಗಾಗಿ!" ಒಂದು ಪತ್ತಿನ ಸಹಕಾರ ಸಂಘದಿಂದ ಫೋನ್. ಸದಸ್ಯರ ವಿವರ ಕೂಡಿಡುವ ಅವರ ಒರಾಕಲ್ ಡೇಟಾಬೇಸ್‌ನ ಉಸ್ತುವಾರಿ ಆಗಷ್ಟೇ ನನ್ನ ಕೈಗೆ ಬಂದಿತ್ತು. ಸಾಫ್ಟ್‌ವೇರ್ ಮಾಡಿಕೊಟ್ಟ ಹುಡುಗ ಆಗಲೇ ತೀರ್ಪು ಕೊಟ್ಟಿದ್ದ: "ಫಾಂಟ್ ಪ್ರಾಬ್ಲಮ್ ಅಷ್ಟೇ."

ಪರದೆಯ ಮೇಲೆ ಕಾಣುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಳಗೆ ಯಾವ ಬೈಟ್, ಅಂದರೆ ಅಕ್ಷರದ ಬದಲು ಕಂಪ್ಯೂಟರ್ ಇಟ್ಟುಕೊಳ್ಳುವ ಯಾವ ಸಂಖ್ಯೆ, ಕೂತಿದೆ ಅಂತ ನೋಡಬೇಕು. ಒರಾಕಲ್‌ನಲ್ಲಿ ಅದಕ್ಕೆ ಡಂಪ್ ಅನ್ನುವ ಫಂಕ್ಷನ್ ಇದೆ. ಓಡಿಸಿದೆ. 191, 191, 191... ಸಾಲಿನ ಕೊನೆವರೆಗೂ ಅದೇ.

ಫಾಂಟ್‌ದು ಏನೂ ತಪ್ಪಿರಲಿಲ್ಲ. ಡೇಟಾಬೇಸ್ ಹಳೆಯದು, ಅದರ ಕ್ಯಾರೆಕ್ಟರ್ ಸೆಟ್, ಅಂದರೆ ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅನ್ನುವ ಪಟ್ಟಿ, ವಿಂಡೋಸ್ 1252. ಆ ಪಟ್ಟಿಯಲ್ಲಿ 191 ಅಂದರೆ ತಲೆಕೆಳಗಾದ ಪ್ರಶ್ನೆ ಚಿಹ್ನೆ. ಪಶ್ಚಿಮ ಯುರೋಪಿನ ಭಾಷೆಗಳಿಗೆ ಮಾಡಿದ್ದು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹೊಸ ವೆಬ್ ಪರದೆ ಯುನಿಕೋಡ್ (ಎಲ್ಲ ಭಾಷೆಗಳಿಗೂ ಸಂಕೇತ ಕೊಟ್ಟಿರುವ ಪಟ್ಟಿ) ಕನ್ನಡ ಕಳಿಸುತ್ತಿತ್ತು. ಗುರುತು ಸಿಗದ ಪ್ರತಿ ಸಂಕೇತದ ಬದಲು ಒರಾಕಲ್ 191 ಬರೆದು ಸುಮ್ಮನಾಗುತ್ತಿತ್ತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಲಕ್ಷ್ಮೀದೇವಮ್ಮ ಅಂತ ಟೈಪ್ ಮಾಡಿದರೆ, ಒತ್ತು, ದೀರ್ಘ ಎಲ್ಲ ಬೇರೆಬೇರೆ ಎಣಿಸಿ, 13 ಸಲ 191. ಹೆಸರು ಹೋಯಿತು, ಅದರ ಉದ್ದ ಮಾತ್ರ ಉಳಿಯಿತು! ಎರರ್ ಕೊಟ್ಟು ನಿಲ್ಲುವ ಡೇಟಾಬೇಸ್‌ಗೆ ಎಲ್ಲರೂ ಬೈತಾರೆ. ನನಗಂತೂ ಅದೇ ಎಷ್ಟೋ ವಾಸಿ.

"ಬ್ಯಾಕಪ್‌ನಿಂದ ತೆಗೀರಿ, ದಿನಾ ತಗೋತೀವಲ್ಲ" ಅಂದರು ಕಾರ್ಯದರ್ಶಿಗಳು. ಬ್ಯಾಕಪ್ ಚೆನ್ನಾಗಿಯೇ ಇತ್ತು. ಆದರೆ ಅದರಲ್ಲೂ ಇದ್ದದ್ದು ಅದೇ 191. ಒಳಗೆ ಬರುವ ಮೊದಲೇ ಸತ್ತ ಹೆಸರು ಬ್ಯಾಕಪ್‌ಗೆ ಎಲ್ಲಿಂದ ಬರಬೇಕು? ಇದನ್ನು ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ಎರಡು ಲೋಟ ಕಾಫಿ ಮುಗಿದಿತ್ತು.

ತಮಾಷೆ ಅಂದರೆ, ಹಳೇ ಸದಸ್ಯರ ಹೆಸರುಗಳಿಗೆ ಏನೂ ಆಗಿರಲಿಲ್ಲ. ಅವನ್ನು ಕನ್ನಡ ಟೈಪ್ ಮಾಡುವ ತಂತ್ರಾಂಶವಾದ ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದರು. ಆ ಫಾಂಟ್‌ನಲ್ಲಿ 'ಕನ್ನಡ' ಅಂತ ಹೊಡೆದರೆ ಒಳಗೆ ಹೋಗುವುದು ಇಂಗ್ಲಿಷ್ ಪಿ, ತಲೆ ಮೇಲೆ ಗೆರೆ ಇರುವ ಎ, ಪೌಂಡ್ ಗುರುತು, ಹೀಗೆ. ಕನ್ನಡವೇ ಅಲ್ಲ, ಕನ್ನಡದ ವೇಷ. ಅವೆಲ್ಲ 1252ರಲ್ಲಿ ಇರುವ ಅಕ್ಷರಗಳೇ ಆದ್ದರಿಂದ ಒಂದೂ ಅಳಿದಿರಲಿಲ್ಲ. ಸರಿಯಾದ ದಾರಿಯಲ್ಲಿ ಬಂದ ಯುನಿಕೋಡ್ ಹೆಸರುಗಳೇ ಮಣ್ಣುಪಾಲಾಗಿದ್ದವು.

ಯುನಿಕೋಡನ್ನು ಬೈಟ್‌ಗಳಾಗಿ ಬರೆಯುವ ವಿಧಾನವಾದ ಯುಟಿಎಫ್-8ರಲ್ಲಿ ಹೊಸ ಡೇಟಾಬೇಸ್ ಮಾಡಿದೆ. ಅಲ್ಲೊಂದು ತೊಡಕು ಇದೆ. ಹೆಸರಿನ ಕಾಲಂ 30 ಬೈಟಿನದು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಒತ್ತು, ಕೊಂಬು, ದೀರ್ಘ ಎಲ್ಲಕ್ಕೂ ಬೇರೆ ಲೆಕ್ಕ. ಲಕ್ಷ್ಮೀದೇವಮ್ಮನಿಗೇ 39 ಬೈಟ್. ಅಳತೆಯನ್ನು ಬೈಟ್‌ನಿಂದ ಕ್ಯಾರೆಕ್ಟರ್‌ಗೆ, ಅಂದರೆ ಸಂಕೇತಗಳ ಎಣಿಕೆಗೆ, ಬದಲಿಸಿ, ಅದರ ಮೇಲೆ ಉದ್ದವನ್ನೂ ಹೆಚ್ಚಿಸಿದೆ.

ಆಮೇಲೆ ಸಾಲುಗಳನ್ನು ಬೇರ್ಪಡಿಸುವ ಕೆಲಸ. ಎಲ್ಲವನ್ನೂ ಹಳೇ ಫಾಂಟನ್ನು ಯುನಿಕೋಡ್‌ಗೆ ತಿರುಗಿಸುವ ಕನ್ವರ್ಟರ್‌ಗೆ ಹಾಕಿದರೆ ಇಂಗ್ಲಿಷ್‌ನಲ್ಲಿ ಬರೆದ ಪುಟ್ಟಮ್ಮನೂ ಕಲಸುಮೇಲೋಗರ ಆಗ್ತಾಳೆ. ಎಲ್ಲ ಬೈಟೂ 127ರ ಒಳಗಿದ್ದರೆ ಇಂಗ್ಲಿಷ್ ಅಂತ ಹಾಗೇ ಬಿಟ್ಟೆ. ಅದಕ್ಕಿಂತ ದೊಡ್ಡ ಬೈಟ್ ಬೆರೆತಿದ್ದರೆ ಹಳೇ ಫಾಂಟ್, ಕನ್ವರ್ಟರ್‌ಗೆ. ಬರೀ 191 ಇದ್ದವಕ್ಕೆ ಸದಸ್ಯತ್ವದ ಅರ್ಜಿಗಳೇ ಗತಿ. ಗುಮಾಸ್ತೆ ಮೇಡಂ ಬೀರುವಿನಿಂದ ಕಟ್ಟು ಬಿಚ್ಚಿ ಒಂದೊಂದಾಗಿ ಟೈಪ್ ಮಾಡಿದರು. ಕೆಲವರ ಮನೆ ಹೆಸರು, ಅಡ್ಡ ಹೆಸರು ಎಲ್ಲ ಅವರಿಗೆ ಬಾಯಿಪಾಠ. ಆ ವಾರ ನನಗಿಂತ ಜಾಸ್ತಿ ಡೇಟಾ ರಿಕವರಿ ಮಾಡಿದ್ದು ಅವರೇ.

ಎಲ್ಲ ಮುಗಿಯಿತು ಅನ್ನುವಾಗ ಪಾಸ್‌ಬುಕ್ ಮುದ್ರಿಸುವ ಪ್ರೋಗ್ರಾಂ ನೆನಪಾಯಿತು. ಅದಕ್ಕೆ ಯುನಿಕೋಡ್ ಗೊತ್ತಿಲ್ಲ, ಬದಲಿಸಲು ಸಂಘದ ಬಳಿ ದುಡ್ಡಿಲ್ಲ. ಹಾಗಾಗಿ ಹೆಸರನ್ನು ಮತ್ತೆ ಹಳೇ ನುಡಿಗೆ ತಿರುಗಿಸಿ ಪ್ರಿಂಟರ್‌ಗೆ ಕಳಿಸುವ ಫಂಕ್ಷನ್ ಒಂದನ್ನು ಬರೆದುಕೊಟ್ಟೆ. ಅದು ಈಗಲೂ ಓಡ್ತಿದೆ.